ತೋಫು ರಜಾಯಿ

ಕಾಂಗ್ ದೆಶುನ್ ತನ್ನ ಕೋಣೆಯ ಉಳಿದ ಮೂವರಿಗಿಂತ ಒಂದಿಷ್ಟು ದಿನ ಮೊದಲು ಹುಟ್ಟಿದ್ದೇ ಅವನು ಮಾಡಿದ ತಪ್ಪು. ನಮ್ಮ ಹಾಸ್ಟೆಲುಗಳಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಕಡಿಮೆ. ಕೋಣೆ ಸೇರಿದ ದಿನವೇ ಯಾರು ಯಾವಾಗ ಹುಟ್ಟಿದರೆಂದು ವಿಚಾರಿಸಿ, ಎಲ್ಲರಿಗಿಂತ ಹಿರಿಯನನ್ನು ದೊಡ್ಡಣ್ಣ, ಅವನ ನಂತರದವರನ್ನು ಎರಡಣ್ಣ, ಮೂರಣ್ಣ ಎಂದು ಸಾಲು ಹಚ್ಚಿ, ಕೊನೆಯವನಿಗೆ ಕಿರಿಯ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ದೊಡ್ಡಣ್ಣ ಅನ್ನಿಸಿಕೊಂಡ ಮೊದಲ ವಾರ ದೆಶುನ್ ಎದೆಯುಬ್ಬಿಸಿಕೊಂಡು ಓಡಾಡಿದ. ಎರಡನೇ ವಾರ, ಕೋಣೆಗೊಬ್ಬ ಮುಖಂಡ ಬೇಕೆಂದು ಮೇಲಿನಿಂದ ಅಪ್ಪಣೆ ಬಂದಾಗ ಮೂವರೂ ಒಂದೇ ಉಸಿರಿಗೆ, "ದೊಡ್ಡಣ್ಣ ಇರೋವಾಗ ನಾವ್ಯಾರು?" ಎಂದುಬಿಟ್ಟರು. ಅಲ್ಲಿಂದಾಚೆ ಕಸ ಗುಡಿಸುವುದು, ಬಿಸಿನೀರಿನ ಫ್ಲಾಸ್ಕು ಹೊತ್ತು ತರುವುದು, ಪಾಯಖಾನೆ ತಿಕ್ಕುವುದು ಎಲ್ಲವೂ ದೊಡ್ಡತನದ ಪಾಲಿಗೇ ಬಿತ್ತು. ಗೋಡೆಯ ಮೇಲಿನ ಸರದಿ ಪಟ್ಟಿಯಲ್ಲಿ ನಾಲ್ವರ ಹೆಸರೂ ಇತ್ತು. ಪೊರಕೆ ಮಾತ್ರ ಒಬ್ಬನ ಕೈ ಗುರುತು ಹಿಡಿಯುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಹಾಸ್ಟೆಲ್ ನೋಡಿಕೊಳ್ಳುವ ಪೆಂಗ್ ಚಿಕ್ಕಮ್ಮ ಬಾಗಿಲ ಬಳಿ ಒಂದು ನೋಟಿಸು ಅಂಟಿಸಿ, ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದಳು. ಓದದೆ ಹೋದವರನ್ನು ಕರೆದು ಕರೆದು ಓದಿಸುತ್ತಿದ್ದಳು.

"ಏ ಮುನ್ನೂರಾರು! ಇಲ್ಲಿ ಬಾ. ಕಣ್ಣು ಇದೆಯೋ ಇಲ್ವೋ?"

ದೆಶುನ್ ಓದಿದ. ಮಧ್ಯಾಹ್ನ ಈ ಚಳಿಗಾಲದ ಕೊನೆಯ ಸ್ವಚ್ಛತಾ ತಪಾಸಣೆ. ಎಲ್ಲರಿಗಿಂತ ಕಡಿಮೆ ಅಂಕ ಬಂದ ಕೋಣೆಯವರು ಗಂಟುಮೂಟೆ ಕಟ್ಟಿ ಉತ್ತರದ ಹಳೇ ಕಟ್ಟಡಕ್ಕೆ ಹೋಗಬೇಕು.

ಓದುತ್ತಿದ್ದಂತೆ ಅವನ ಕೈ ತಾನಾಗಿ ಕಿವಿಗೆ ಹೋಯಿತು. ದೆಶುನ್ ದಕ್ಷಿಣದ ತುದಿಯ ಹೈನಾನ್ ದ್ವೀಪದವನು. ಅಲ್ಲಿಂದ ಹೊರಡುವವರೆಗೆ ಹಿಮವನ್ನು ಟೀವಿಯಲ್ಲಿ ಮಾತ್ರ ನೋಡಿದ್ದ. ನಮ್ಮ ಈ ಉತ್ತರದ ಊರಿಗೆ ಬಂದ ಮೊದಲ ಚಳಿಗಾಲದಲ್ಲೇ ಅವನ ಎರಡೂ ಕಿವಿ ಕೆಂಪಗೆ ಬನ್ನಿನಂತೆ ಊದಿಕೊಂಡು, ತುರಿಕೆ ಹತ್ತಿ, ವಸಂತ ಬರುವವರೆಗೂ ಇಳಿಯಲಿಲ್ಲ. ಈ ವರ್ಷ ಅವನ ಪುಣ್ಯಕ್ಕೆ ದಕ್ಷಿಣಕ್ಕೆ ಮುಖ ಮಾಡಿದ ಕೋಣೆ ಸಿಕ್ಕಿತ್ತು. ದಿನವೆಲ್ಲ ಬಿಸಿಲು, ಕಿಟಕಿಯ ಕೆಳಗೆ ಕೈ ಸುಡುವಷ್ಟು ಬಿಸಿಯಾದ ಹೀಟರ್ ಪೈಪು. ಉತ್ತರದ ಕಟ್ಟಡದ ಪೈಪುಗಳೋ ಬಟ್ಟೆ ಒಣಹಾಕಲು ಮಾತ್ರ ಲಾಯಕ್ಕು. ಅಲ್ಲಿ ಬೆಳಿಗ್ಗೆ ಹಲ್ಲುಜ್ಜಬೇಕಾದರೆ ಲೋಟದ ಮೇಲಿನ ಐಸನ್ನು ಮೊದಲು ಒಡೆಯಬೇಕು.

"ಚಿಕ್ಕಮ್ಮಾ, ನಮ್ಮ ಕೋಣೆ ಅಂಕ ಎಷ್ಟಿದೆ?"

"ನಿಮಗೆ ಅಂಕ ಬೇರೆ ಇದೆಯಾ? ನೀವು, ಪಕ್ಕದ ಮುನ್ನೂರೆಂಟು, ಇಬ್ಬರೂ ಕೆಳಗೆ ಬೀಳೋಕೆ ಪೈಪೋಟಿ ನಡೆಸಿದ್ದೀರಿ. ಹೋಗು, ಬಾಯಿ ಬಿಟ್ಕೊಂಡು ನಿಲ್ಲಬೇಡ. ರಜಾಯಿ ಮಡಿಸು ಹೋಗು."

ದೆಶುನ್ ಮೆಟ್ಟಿಲು ಹತ್ತಿ ಕೋಣೆಗೆ ನುಗ್ಗಿದ.

"ಏಳ್ರೋ! ಮಧ್ಯಾಹ್ನ ತಪಾಸಣೆ! ಸೋತ್ರೆ ಉತ್ತರದ ಕಟ್ಟಡ!"

ಮೂರಣ್ಣ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಯುದ್ಧದಲ್ಲಿದ್ದೀನಿ ದೊಡ್ಡಣ್ಣ. ಈಗ ಬಿಟ್ಟು ಬಂದ್ರೆ ನಮ್ಮ ಕಡೆಯೋರೆಲ್ಲ ಸಾಯ್ತಾರೆ."

"ಇಲ್ಲಿ ನಾನು ಸಾಯ್ತಿದ್ದೀನಲ್ಲೋ!"

"ನೀನು ಹಿರಿಯ. ತಡ್ಕೋತೀಯ."

ಎರಡಣ್ಣ ಮೇಜಿನ ಮೇಲೆ, ಹಾಸ್ಟೆಲಿನಲ್ಲಿ ನಿಷೇಧವಿದ್ದರೂ ಕದ್ದುಮುಚ್ಚಿ ಇಟ್ಟುಕೊಂಡಿದ್ದ ಕರೆಂಟಿನ ಕುಕ್ಕರಿನಲ್ಲಿ ಸಾಸೇಜು ಹಾಕಿ ಅಕ್ಕಿ ಗಂಜಿ ಕಾಯಿಸುತ್ತಿದ್ದ. ಅವನು ಮುಚ್ಚಳ ತೆಗೆದು ಒಮ್ಮೆ ಮೂಸಿ, "ಗಂಜಿ ಒಂದು ಹದಕ್ಕೆ ಬರ್ಲಿ, ಆಮೇಲೆ ನೋಡು ಕೆಲಸ ಹೇಗೆ ಮಾಡ್ತೀನಿ" ಎಂದ. ಕಿರಿಯ ಮೇಲಿನ ಮಂಚದ ಪರದೆಯೊಳಗಿಂದ ಕೈ ಮಾತ್ರ ಹೊರಹಾಕಿ, ತನ್ನ ಕಸದ ಚೀಲವನ್ನು ದೆಶುನನ ತಲೆಯ ಮೇಲೆ ಇಳಿಬಿಟ್ಟ. ಅವನ ಮಟ್ಟಿಗೆ ಅದೇ ದೊಡ್ಡ ಸಹಕಾರ.

ದೆಶುನ್ ಹಲ್ಲು ಕಚ್ಚಿಕೊಂಡು ನೆಲ ಒರೆಸಿದ, ಕಿಟಕಿ ಒರೆಸಿದ, ಮೂರಣ್ಣನ ಕಾಲುಚೀಲಗಳನ್ನು ಕಡ್ಡಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದ. ಆಮೇಲೆ ಶುರುವಾಯಿತು ನಿಜವಾದ ಸಂಕಟ. ರಜಾಯಿ.

ಮೊದಲ ವರ್ಷ ಕಾಲೇಜಿಗೆ ಸೇರಿದವರಿಗೆಲ್ಲ ಸೈನ್ಯದ ಕವಾಯತು ಮಾಡಿಸುತ್ತಾರೆ. ಅಲ್ಲಿ ಬಂದೂಕು ಹಿಡಿಯುವುದು ಕಲಿಯದಿದ್ದರೂ ನಡೆಯುತ್ತದೆ, ರಜಾಯಿ ಮಡಿಸುವುದು ಕಲಿಯಲೇಬೇಕು. ದಪ್ಪ ಹತ್ತಿಯ ರಜಾಯಿಯನ್ನು ಚಾಕುವಿನಲ್ಲಿ ಕತ್ತರಿಸಿದ ತೋಫುವಿನ, ಅಂದರೆ ಸೋಯಾ ಪನೀರಿನ ತುಂಡಿನ ಹಾಗೆ ಚೌಕಾಕಾರ ಮಾಡಿ, ಮೂಲೆ ನೆಟ್ಟಗೆ ನಿಲ್ಲಿಸಿ, ತಲೆದೆಸೆಗೆ ಇಡಬೇಕು. ತಪಾಸಣೆಯ ಅರ್ಧದಷ್ಟು ಅಂಕ ಇದಕ್ಕೇ. ದೆಶುನ್ ಎಷ್ಟೇ ಒದ್ದಾಡಿದರೂ ಅವನ ತೋಫು ಕಲಸಿಟ್ಟ ಹಿಟ್ಟಿನ ಮುದ್ದೆಯಾಗುತ್ತಿತ್ತು. ಹೋದ ತಿಂಗಳು ಅದೃಷ್ಟಕ್ಕೆ ಒಮ್ಮೆ ಚೆನ್ನಾಗಿ ಬಂದಿತ್ತು. ಅದನ್ನು ಕೆಡಿಸಲು ಮನಸ್ಸು ಬಾರದೆ ಅವನು ರಾತ್ರಿಯೆಲ್ಲ ಕೋಟು ಹೊದ್ದು ಮಲಗುತ್ತ, ರಜಾಯಿಯನ್ನು ದೇವರಂತೆ ಪಕ್ಕದಲ್ಲಿಟ್ಟುಕೊಂಡು ಕಾಪಾಡಿದ. ಒಂದು ದಿನ ಕಿರಿಯ ಬಂದು ಅದರ ಮೇಲೆ ಕೂತು ಬಾಳೆಹಣ್ಣು ತಿಂದ. ಅಲ್ಲಿಗೆ ದೇವರು ಚಪ್ಪಟೆಯಾಯಿತು.

ನಾಲ್ಕೂ ರಜಾಯಿಗಳ ಜೊತೆ ದೆಶುನ್ ಕುಸ್ತಿ ಮಾಡುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮುನ್ನೂರೆಂಟರ ಲುವೊ ಪಿಂಗ್. ಕಂಕುಳಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬ.

"ದೊಡ್ಡಣ್ಣ, ಇದೊಂದು ಸ್ವಲ್ಪ ಇಟ್ಕೊಂಡಿರು. ಅನ್ನದ ಕುಕ್ಕರ್."

"ನಿನಗೆ ತಲೆ ಕೆಟ್ಟಿದೆಯಾ? ಸಿಕ್ಕಿಬಿದ್ರೆ ನಮ್ಮ ಕಥೆ ಮುಗೀತು!"

"ಅಯ್ಯೋ, ತಪಾಸಣೆ ಯಾವಾಗ್ಲೂ ಆ ತುದಿಯಿಂದ ತಾನೇ ಶುರುವಾಗೋದು? ನಮ್ಮನ್ನ ನೋಡಿ ಆಮೇಲೆ ನಿಮ್ಮ ಹತ್ರ ಬರ್ತಾರೆ. ನಮ್ಮದು ಮುಗಿದ ತಕ್ಷಣ ಓಡಿ ಬಂದು ತಗೊಂಡು ಹೋಗ್ತೀನಿ. ಆಗ ನಿಮ್ಮದನ್ನೂ ನಮ್ಮ ಕಡೆ ತಳ್ಳಿಬಿಡಿ."

"ಡಬ್ಬ ಯಾಕೋ ಇನ್ನೂ ಇಟ್ಕೊಂಡಿದ್ದೀಯ?"

"ಓದು ಮುಗಿಸಿ ಹೋಗುವಾಗ ಜೂನಿಯರ್‌ಗಳಿಗೆ ಮಾರಬೇಕಲ್ಲ. ಡಬ್ಬ ಇದ್ರೆ ಹೊಸದು ಅಂತ ನಂಬ್ತಾರೆ." ಲುವೊ ಪಿಂಗ್ ದನಿ ಇಳಿಸಿ, ದೆಶುನನ ಭುಜ ಹಿಡಿದ. "ಇಡೀ ಮಹಡೀಲಿ ನಂಬೋಕೆ ಇನ್ಯಾರಿದ್ದಾರೆ ಹೇಳು, ದೊಡ್ಡಣ್ಣ?"

ಆ ಒಂದು ಮಾತಿಗೆ ದೆಶುನ್ ಬೆಣ್ಣೆಯಾದ. ಬೇರೆಯವರ ಬಾಯಲ್ಲಿ ದೊಡ್ಡಣ್ಣ ಅನ್ನಿಸಿಕೊಂಡರೆ ಅವನಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಡಬ್ಬ ಒಳಗೆ ಬಂತು. ಅದರ ಹಿಂದೆಯೇ ಮೂಲೆಯ ಕೋಣೆಯವರ ಇಂಡಕ್ಷನ್ ಒಲೆ ಬಂತು. ಎದುರು ಸಾಲಿನವರ, ಸಾರು ಕುದಿಸಿಕೊಂಡೇ ತಿನ್ನುವ ಕರೆಂಟಿನ ಹಾಟ್‌ಪಾಟ್ ಪಾತ್ರೆಯೂ ಬಂತು. ಪ್ರತಿಯೊಂದೂ ಡಬ್ಬದ ಸಮೇತ, ಪ್ರತಿಯೊಂದರ ಜೊತೆಗೂ ಒಂದೊಂದು "ದೊಡ್ಡಣ್ಣ". ದೆಶುನ್ ಕಣ್ಣು ಬಿಡುವಷ್ಟರಲ್ಲಿ ಇಡೀ ಮಹಡಿಯ ಕಳ್ಳ ಅಡುಗೆಮನೆ ಅವನ ಕೋಣೆಯ ನಡುವೆ ಬಂದು ಕೂತಿತ್ತು.

ಆಗ ಮೂರಣ್ಣನ ಫೋನು ಕಿಣಿಕಿಣಿ ಎಂದಿತು. ಓದಿದವನೇ ಮೊದಲ ಬಾರಿಗೆ ಯುದ್ಧ ಬಿಟ್ಟು ಎದ್ದು ನಿಂತ.

"ದೊಡ್ಡಣ್ಣ, ತಪಾಸಣೆಗೆ ಬರೋ ಹೌ ಮೇಷ್ಟ್ರಿಗೆ ಮಂಡಿ ನೋವಂತೆ. ಆ ತುದಿವರೆಗೂ ನಡೆಯೋಕಾಗಲ್ಲ ಅಂತ ಮೆಟ್ಟಿಲ ಪಕ್ಕದ ಕೋಣೆಯಿಂದಲೇ ಶುರು ಮಾಡ್ತಾರಂತೆ."

ಮೆಟ್ಟಿಲ ಪಕ್ಕದ ಕೋಣೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ, ಅದು ಅವರದೇ. ಮೆಟ್ಟಿಲ ಮೇಲೆ ಬೂಟಿನ ಸದ್ದು ಆಗಲೇ ಕೇಳಿಸುತ್ತಿತ್ತು.

ದೆಶುನ್ ಥಟ್ಟನೆ ಬಗ್ಗಿದ. ಡಬ್ಬ ಎತ್ತಿಕೊಂಡು ಲುವೊ ಪಿಂಗನ ಬಾಗಿಲಿಗೆ ಓಡಿದ. ಒಳಗಿನಿಂದ ಚಿಲಕ. "ದೊಡ್ಡಣ್ಣ, ನಾನು ಸ್ನಾನ ಮಾಡ್ತಿದ್ದೀನಿ!" ಎಂದು ಒಳಗಿನ ದನಿ. ಆ ಕೋಣೆಗಳಲ್ಲಿ ಸ್ನಾನದ ವ್ಯವಸ್ಥೆಯೇ ಇಲ್ಲ. ಉಳಿದ ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಂಡವು. ಕೂಡಿ ಬಾಳುವುದರ ಬಗ್ಗೆ ಬರೆದ ದೊಡ್ಡ ಕೆಂಪು ಬ್ಯಾನರು ಮಾತ್ರ ಓಣಿಯಲ್ಲಿ ತೂಗಾಡುತ್ತಿತ್ತು.

"ಬೀರು ತೆಗೆದು ನೋಡ್ತಾರೆ, ಮಂಚದ ಕೆಳಗೆ ಬಗ್ಗಿ ನೋಡ್ತಾರೆ. ಎಲ್ಲಿ ಇಡೋದ್ರೋ ಇದನ್ನ!" ದೆಶುನ್ ತಲೆ ಮೇಲೆ ಕೈ ಹೊತ್ತ.

ಪರದೆ ಸರಿಯಿತು. ಕಿರಿಯನ ಮುಖ ಆ ದಿನ ಮೊದಲ ಸಲ ಹೊರಗೆ ಕಂಡಿತು. "ರಜಾಯಿ ಒಳಗೆ ಇಡು. ರಜಾಯೀನ ಮುಟ್ಟಲ್ಲ ಅವರು, ಮಡಿಕೆ ಕೆಡುತ್ತೆ ಅಂತ."

ನಾಲ್ವರೂ ಮನೆಗೆ ಬೆಂಕಿ ಬಿದ್ದವರಂತೆ ಎರಗಿದರು. ಡಬ್ಬ ಒಳಗೆ, ರಜಾಯಿ ಹೊರಗೆ, ಸುತ್ತಿ, ಎಳೆದು, ಅಂಚು ಒಳಗೆ ಸೇರಿಸಿ ಮಂಚದ ತಲೆದೆಸೆಗೆ ಕುಕ್ಕಿದರು. ಮೂರು ಮಂಚಕ್ಕೆ ಮೂರು ಡಬ್ಬ ಆಯಿತು. ಉಳಿದದ್ದು ಎರಡಣ್ಣನ ಕುಕ್ಕರು, ಅದರೊಳಗೆ ಕೊತಕೊತ ಕುದಿಯುತ್ತಿದ್ದ ಗಂಜಿ.

"ಚೆಲ್ಲಿಬಿಡೋ ಅದನ್ನ!"

"ಸಾಸೇಜು ನಮ್ಮಮ್ಮ ಕಳಿಸಿದ್ದು!" ಎರಡಣ್ಣ ಕುಕ್ಕರನ್ನು ಎದೆಗವಚಿಕೊಂಡ. ಚರ್ಚೆಗೆ ಸಮಯವಿರಲಿಲ್ಲ. ಬಿಸಿ ಕುಕ್ಕರು ಗಂಜಿಯ ಸಮೇತ ಅದರ ಹಳೇ ಡಬ್ಬಕ್ಕೆ ಇಳಿಯಿತು, ಡಬ್ಬ ದೆಶುನನ ಸ್ವಂತ ರಜಾಯಿಯೊಳಗೆ ಸೇರಿತು. ಬಾಗಿಲು ತೆರೆಯಿತು.

ಮೊದಲು ಬಂದವನು ಸಿತು ಯುವಾನ್. ವಿದ್ಯಾರ್ಥಿ ಸಂಘದ ಸ್ವಚ್ಛತಾ ಮಂತ್ರಿ. ಎರಡನೇ ವರ್ಷದ ಹುಡುಗನೇ ಆದರೂ ಮಂತ್ರಿ ಎಂದು ಕರೆಯದಿದ್ದರೆ ತಿರುಗಿ ನೋಡುವವನಲ್ಲ. ತೋಳಿಗೆ ಕೆಂಪು ಪಟ್ಟಿ, ಕೈಗೆ ಬಿಳಿ ಗವಸು. ಅವನ ಹಿಂದೆ ಮಂಡಿ ಹಿಡಿದುಕೊಂಡು ಹೌ ಮೇಷ್ಟ್ರು, ಹಾಸ್ಟೆಲ್ ಹುಡುಗರ ಉಸ್ತುವಾರಿ ಹೊತ್ತವರು.

ಮಂತ್ರಿ ಬಾಗಿಲ ಮೇಲಂಚಿನಲ್ಲಿ ಬೆರಳಾಡಿಸಿ ಧೂಳು ಹುಡುಕಿದ. ಸಿಗಲಿಲ್ಲ. ಮುಖ ಸಪ್ಪಗಾಯಿತು. ಬೀರು ತೆರೆದ, ಮಂಚದ ಕೆಳಗೆ ಬಗ್ಗಿದ. ಎದ್ದು ನಿಂತವನು ಹಾಗೇ ಕಲ್ಲಾದ.

"ಮೇಷ್ಟ್ರೇ, ರಜಾಯಿ ನೋಡಿ!"

ನಾಲ್ಕು ಮಂಚದ ಮೇಲೆ ನಾಲ್ಕು ತೋಫು. ಗೆರೆ ಎಳೆದಂಥ ಅಂಚು, ಚುಚ್ಚಿದರೆ ರಕ್ತ ಬರುವಂಥ ಮೂಲೆ. ಬಂಧು ಬಳಗದಲ್ಲಿ ಯಾರಾದರೂ ಸೈನ್ಯದಲ್ಲಿದ್ದಾರೆಯೇ ಎಂದು ಮಂತ್ರಿ ವಿಚಾರಿಸಿದ. ದೆಶುನ್ ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಅವನ ರಜಾಯಿಯ ಒಂದು ಮಡಿಕೆಯಿಂದ ಸಣ್ಣಗೆ ಹಬೆ ಏಳತೊಡಗಿತು.

"ಇದೇನು ಹಬೆ?"

"ಬಿಸಿಲಿಗೆ ಒಣಗಿಸಿದ್ದೆ ಮಂತ್ರಿಗಳೇ," ಎಂದ ದೆಶುನ್. "ಇನ್ನೂ ಬಿಸಿ ಇದೆ."

"ಸಾಸೇಜಿನ ವಾಸನೆ ಬರ್ತಿದೆಯಲ್ಲ?"

"ಕ್ಯಾಂಟೀನಿನ ಕಡೆ ಗಾಳಿ," ಎಂದ ಎರಡಣ್ಣ. "ಇವತ್ತು ಅಲ್ಲಿ ಅದೇ ಪಲ್ಯ."

"ಕ್ಯಾಂಟೀನಿನಲ್ಲಿ ಮಾಂಸ ಯಾವಾಗ ಹಾಕಿದ್ರು?" ಮಂತ್ರಿಗೆ ಅನುಮಾನ ಬಂತು. ಅವನು ಗವಸಿನ ಕೈಯನ್ನು ರಜಾಯಿಯ ಕಡೆ ಚಾಚಿದ. ದೆಶುನನಿಗೆ ಕಿವಿಯ ತುದಿ ಆಗಲೇ ತಣ್ಣಗಾದ ಹಾಗೆನ್ನಿಸಿತು.

"ಮುಟ್ಟಬೇಡ!" ಹೌ ಮೇಷ್ಟ್ರು ಗದರಿದರು. "ಇಂಥ ಮಡಿಕೆ ಕೆಡಿಸ್ತೀಯಾ?" ತಾವೇ ಹತ್ತಿರ ಹೋಗಿ ಪೆನ್ನಿನ ತುದಿಯಿಂದ ಮೆಲ್ಲಗೆ ಬಡಿದರು. ಒಳಗಿನಿಂದ ಟಣ್ ಎಂದಿತು. ಅವರು ಇನ್ನೊಮ್ಮೆ ಬಡಿಯದೆ ಪೆನ್ನು ಜೇಬಿಗಿಟ್ಟುಕೊಂಡರು. "ಫೋಟೋ ತೆಗಿ. ಎಲ್ಲ ಕಡೆಯಿಂದಲೂ. ಈ ಕೋಣೇಲಿ ಯಾರೂ ಏನನ್ನೂ ಅಲುಗಾಡಿಸಬೇಡಿ. ಬಾಗಿಲ ಹತ್ರ ಒಬ್ಬ ನಿಂತಿರ್ಲಿ."

ಸಂಜೆ ನಾಲ್ಕಕ್ಕೆ ಧ್ವನಿವರ್ಧಕದಲ್ಲಿ ಫಲಿತಾಂಶ ಬಂತು. ಮೊದಲ ಸ್ಥಾನ ಮುನ್ನೂರಾರು. ಕೊನೆಯ ಸ್ಥಾನ ಮುನ್ನೂರೆಂಟು.

ಕೇಳಿದ ದೆಶುನನಿಗೆ ಕುಣಿಯಬೇಕೆನ್ನಿಸಿತು, ಕುಣಿದೇಬಿಟ್ಟ. ಕಿಟಕಿಯ ಹತ್ತಿರ ಹೋಗಿ ಬಿಸಿ ಪೈಪಿಗೆ ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ತಾಗಿಸಿ ಕಣ್ಣು ಮುಚ್ಚಿಕೊಂಡ. ಜನ್ಮದಲ್ಲಿ ಇಷ್ಟು ಸುಖ ಅವನಿಗೆ ಯಾವತ್ತೂ ಆಗಿರಲಿಲ್ಲ. ಮೂರಣ್ಣ ಅವನನ್ನು ಎತ್ತಿ ತಿರುಗಿಸಿದ. "ನಮ್ಮ ದೊಡ್ಡಣ್ಣ ಅಂದ್ರೆ ದೊಡ್ಡಣ್ಣ!" ಎಂದು ಕಿರಿಯ ಕೂಗಿದ. ಬಾಗಿಲಲ್ಲಿ ಲುವೊ ಪಿಂಗ್ ಜೋಲು ಮುಖ ಹಾಕಿಕೊಂಡು ನಿಂತಿದ್ದ.

"ದೊಡ್ಡಣ್ಣ, ನಮ್ಮ ಕುಕ್ಕರ್ ಕೊಟ್ಬಿಡು. ಆ ಹಾಳು ಕಟ್ಟಡದಲ್ಲಿ ಬಿಸಿ ಅನ್ನವಾದ್ರೂ ಇರ್ಲಿ."

ಪಾಪ ಎನ್ನಿಸಿ ದೆಶುನ್ ರಜಾಯಿಗೆ ಕೈ ಹಾಕುವಷ್ಟರಲ್ಲಿ ಪೆಂಗ್ ಚಿಕ್ಕಮ್ಮ ಬಂದಳು. ಕೈಯಲ್ಲಿ ಇಷ್ಟು ದಪ್ಪದ ಬೀಗ. ಹಿಂದೆ ಹೌ ಮೇಷ್ಟ್ರು, ಮಂತ್ರಿ.

"ಕೈ ತೆಗಿ, ಕೈ ತೆಗಿ! ಎಲ್ಲ ಹೊರಗೆ ನಡೀರಿ. ಪುಸ್ತಕ, ಬಕೆಟ್ಟು, ಒಳಚಡ್ಡಿ ತಗೊಳ್ಳಿ. ಉಳಿದದ್ದು ಇದ್ದ ಹಾಗೇ ಇರ್ಲಿ."

"ಎಲ್ಲಿಗೆ ಚಿಕ್ಕಮ್ಮಾ?"

ಹೌ ಮೇಷ್ಟ್ರು ಮುಗುಳ್ನಕ್ಕು ದೆಶುನನ ಕೈ ಕುಲುಕಿದರು. "ಅಭಿನಂದನೆ ಕಣಯ್ಯ! ನಾಳೆಯಿಂದ ಬೇರೆ ಬೇರೆ ಕಾಲೇಜಿನವರು, ದೊಡ್ಡ ದೊಡ್ಡವರು ನಮ್ಮ ಹಾಸ್ಟೆಲ್ ನೋಡೋಕೆ ಬರ್ತಾರೆ. ನಿಮ್ಮದನ್ನೇ ಮಾದರಿ ಕೋಣೆ ಅಂತ ತೋರಿಸೋದು. ವಿದ್ಯಾರ್ಥಿಗಳು ಹೇಗೆ ಬಾಳಬೇಕು ಅಂತ ತೋರಿಸೋ ಕೋಣೇಲಿ ವಿದ್ಯಾರ್ಥಿಗಳು ಇದ್ರೆ ಗಲೀಜಾಗುತ್ತಲ್ವಾ? ಅದಕ್ಕೆ ನಿಮಗೆ ಬೇರೆ ಕಡೆ ವ್ಯವಸ್ಥೆ ಆಗಿದೆ. ಉತ್ತರದ ಕಟ್ಟಡದಲ್ಲಿ."

ದೆಶುನ್ ಕೈ ಬಿಡಿಸಿಕೊಂಡ. "ಅಲ್ಲಿಗೆ ಹೋಗ್ಬೇಕಾದೋರು ಕೊನೇ ಸ್ಥಾನದೋರಲ್ವಾ ಮೇಷ್ಟ್ರೇ?"

"ಹೌದು. ಆದ್ರೆ ಅಲ್ಲಿ ಖಾಲಿ ಇರೋದು ಒಂದೇ ಕೋಣೆ. ಅದಕ್ಕೆ ನೀವು ಹೋಗ್ತಿದ್ದೀರಲ್ಲ. ಇನ್ನು ಮುನ್ನೂರೆಂಟರೋರನ್ನ ಎಲ್ಲಿ ತಳ್ಳಲಿ? ಇಲ್ಲೇ ಇರ್ಲಿ ಬಿಡು."

ಲುವೊ ಪಿಂಗನ ಜೋಲು ಮುಖ ನೋಡನೋಡುತ್ತಿದ್ದಂತೆ ಅರಳಿತು. ಕುಕ್ಕರಿನ ನೆನಪೂ ಅವನಿಗೆ ಹಾರಿಹೋಯಿತು. "ಅಭಿನಂದನೆ ದೊಡ್ಡಣ್ಣ!" ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.

ದೆಶುನನಿಗೆ ಅಳು ಒತ್ತಿಕೊಂಡು ಬಂತು. ಕೋಣೆಯಂತೂ ಹೋಯಿತು, ರಜಾಯಿಯಾದರೂ ಕೈಗೆ ಸಿಗಲಿ ಎಂದು ಅವನು ಮಾನ ಮರ್ಯಾದೆ ಬಿಟ್ಟು ಮೇಷ್ಟ್ರನ್ನು ಮೂಲೆಗೆ ಕರೆದು ಪಿಸುಗುಟ್ಟಿದ.

"ಮೇಷ್ಟ್ರೇ, ತಪ್ಪಾಯ್ತು. ಮಾದರಿ ಗೀದರಿ ಏನೂ ಇಲ್ಲ. ಆ ರಜಾಯಿಗಳ ಒಳಗೆ ಕುಕ್ಕರ್ ಇದೆ, ಒಲೆ ಇದೆ. ನಂದರಲ್ಲಿ ಗಂಜೀನೂ ಇದೆ. ಬಹುಮಾನ ವಾಪಸ್ ತಗೊಳ್ಳಿ, ನಮ್ಮ ರಜಾಯಿ ನಮಗೆ ಕೊಡಿ."

ಹೌ ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಟಣ್ ಅಂದಾಗಲೇ ಗೊತ್ತಾಯ್ತು. ನನಗೇನು ಕಿವಿ ಇಲ್ವಾ? ಆ ಕಡೆ ಹುಡುಗಿಯರ ಕಟ್ಟಡದ ಮಾದರಿ ಕೋಣೇಲಿ ರಜಾಯಿ ಒಳಗೆ ಇಟ್ಟಿಗೆ ಇಟ್ಟಿದ್ದಾರೆ. ನಿಮ್ಮದರಲ್ಲಿ ಕುಕ್ಕರ್ ಇದ್ರೆ ಏನಂತೆ? ನೋಡೋಕೆ ಬರೋರು ಹೊರಗಡೆ ನೋಡ್ತಾರೆ, ಹೋಗ್ತಾರೆ. ಫೋಟೋ ಆಗಲೇ ಮೇಲಕ್ಕೆ ಹೋಗಿದೆ. ಇನ್ನು ಅದನ್ನ ಯಾರೂ ಬಿಚ್ಚೋ ಹಾಗಿಲ್ಲ."

"ಗಂಜಿ ಹಳಸುತ್ತೆ ಮೇಷ್ಟ್ರೇ!"

"ಕಿಟಕಿ ತೆಗೆದಿಡಿಸ್ತೀನಿ. ಹೀಟರ್ ಇದೆ, ಚಳಿ ಏನೂ ಆಗಲ್ಲ."

"ಅಲ್ಲಿ ನಮಗೆ ಹೊದ್ದುಕೊಳ್ಳೋಕೆ?"

"ಹೊಸ ರಜಾಯಿ ಕೊಂಡ್ಕೊಳ್ಳಿ. ಬೇಗ ಕೊಂಡ್ಕೊಳ್ಳಿ, ಸೋಮವಾರ ಆ ಕಟ್ಟಡದಲ್ಲೂ ತಪಾಸಣೆ ಇದೆ."

ಪೆಂಗ್ ಚಿಕ್ಕಮ್ಮ ಬೀಗ ಜಡಿದು ಎರಡು ಸಲ ಎಳೆದು ನೋಡಿದಳು. ಮೂವರು ತಮ್ಮಂದಿರೂ ತಮ್ಮ ತಮ್ಮ ಬಕೆಟ್ಟುಗಳನ್ನು ದೆಶುನನ ಕಾಲ ಬಳಿ ಇಟ್ಟು, "ಹೊರು ದೊಡ್ಡಣ್ಣ" ಎನ್ನುವಂತೆ ಮುಖ ನೋಡಿದರು. ಅವನು ಎರಡು ಕೈಗೂ ಬಕೆಟ್ಟು ತೂಗಿಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದಂತೆ, ಮೇಲಿನಿಂದ ಹೌ ಮೇಷ್ಟ್ರು ಬಗ್ಗಿ ಕೂಗಿದರು.

"ಕಾಂಗ್ ದೆಶುನ್! ದಿನಾ ಬೆಳಿಗ್ಗೆ ಬಂದು ಇಲ್ಲಿ ಕಸ ಗುಡಿಸಿ ಹೋಗ್ಬೇಕು, ಮರೀಬೇಡ. ಬೇರೆ ಕಡೆ ಮಲಗಿದ ಮಾತ್ರಕ್ಕೆ ನಿನ್ನ ಕೋಣೆಯ ಜವಾಬ್ದಾರಿ ತಪ್ಪುತ್ತಾ?"